ಸಿದ್ದಲಿಂಗವ್ವನ ಹಿಡಿಜೋಳದ ಚೀಲ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸಿದ್ದಲಿಂಗವ್ವನಷ್ಟು ಅಂಜುಬುರುಕ ಹೆಂಗಸು ಇನ್ನೊಬ್ಬಳಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಅಂಜಿಕೆ, ಗುಡುಗಿದರೆ ಅಂಜಿಕೆ, ಮುಸ್ಸಂಜೆಯಲ್ಲಿ ಗುಡ್ಡದ ಮೇಲಿನ ಕೋಟೆಯ ಕಡೆ ಕತ್ತೆತ್ತಿ ನೋಡಲೂ ಅಂಜಿಕೆ. ಮೋಟಾರು ಬಸ್ಸು ಊರೊಳಗೆ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳು, ಅದು ರಸ್ತೆ ಬಿಟ್ಟು ತನ್ನನ್ನೇ ಹುಡುಕಿಕೊಂಡು ಬಂದೀತು ಎನ್ನುವ ಹಾಗೆ. ಇವೆಲ್ಲಕ್ಕಿಂತ ದೊಡ್ಡ ಅಂಜಿಕೆ ಹರಿಯುವ ನೀರಿನದು. ಬರಡು ಗುಡ್ಡದ ಬುಡದಲ್ಲಿ ಹುಟ್ಟಿ, ಅದೇ ಊರಲ್ಲಿ ಲಗ್ನವಾದವಳು. ನೀರೆಂದರೆ ಕೊಡದೊಳಗೆ ಮಾತು ಕೇಳಿಕೊಂಡು ನಿಂತಿರುವುದು ಎಂದೇ ಅವಳ ತಿಳುವಳಿಕೆ. ಒಮ್ಮೆ ಮದುವೆಗೆಂದು ಹೊಳೆಆಲೂರಿಗೆ ಹೋದಾಗ ಯಾರೋ ಮಲಪ್ರಭೆಯ ದಂಡೆಗೆ ಕರೆದುಕೊಂಡು ಹೋದರು. "ಎವ್ವಾ, ಇದು ಇಷ್ಟು ಅವಸರದಾಗ ಎಲ್ಲಿಗೆ ಹೊಂಟೈತಿ?" ಎಂದವಳೇ ಕಣ್ಣು ಮುಚ್ಚಿ ಕುಳಿತಳು. ಎಬ್ಬಿಸಿಕೊಂಡು ಬರುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಊಟವೂ ಒಂದು ಪಂಕ್ತಿ ಮುಗಿದಿತ್ತು. ಬುಂದಿ ಲಾಡು ಸಿಗಲಿಲ್ಲ ಎಂದು ಆ ಕರೆದುಕೊಂಡು ಹೋದವಳು ಬಹಳ ದಿನ ಮಾತು ಬಿಟ್ಟಿದ್ದಳು.

ಸಿದ್ದಲಿಂಗವ್ವನ ಗಂಡ ಪರಪ್ಪ ಒಳ್ಳೆಯ ನೇಕಾರ. ಒಂದು ಸಂಜೆ ಮಗ್ಗದ ಕುಣಿಯೊಳಗೆ ಕುಳಿತವನು ಕುಳಿತಂತೆಯೇ ಒರಗಿಬಿಟ್ಟ. ಲಾಳಿ ಅವನ ಕೈಯಲ್ಲೇ ಇತ್ತು. ಇಬ್ಬರು ಸಣ್ಣ ಹೆಣ್ಣುಮಕ್ಕಳು, ಅರ್ಧ ನೇಯ್ದ ಕೆಂಪು ಸೀರೆ. ಆಗ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದರು. ಬರಿಗೈಯಲ್ಲಿ ಬಂದವರಂತೆ ಕಾಣುತ್ತಿದ್ದರು. ಹೋದ ಮೇಲೆ ನೋಡಿದರೆ ಬೀಸುಕಲ್ಲಿನ ಹತ್ತಿರದ ಬುಟ್ಟಿಯಲ್ಲಿ ಜೋಳ ಏರಿರುತ್ತಿತ್ತು. ಸೆರಗಿನ ಮರೆಯಲ್ಲಿ ತಂದು, ಸೆರಗಿನ ಮರೆಯಲ್ಲೇ ಸುರಿದು ಹೋಗುತ್ತಿದ್ದರು. ಯಾರು ಎಷ್ಟು ಕೊಟ್ಟರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ತಿಳಿದಿದ್ದರೆ ಆ ಓಣಿಯಲ್ಲಿ ತಲೆ ಎತ್ತಿ ಓಡಾಡಲು ಆಗುತ್ತಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಹಿಡಿಜೋಳದ ಕೂಟ ಹುಟ್ಟಿದ್ದು ಹೀಗೆ. ಹುಟ್ಟಿಸಿದವಳು ಕಳಕವ್ವ, ಓಣಿಗೆಲ್ಲ ದೊಡ್ಡ ಬಾಯಿಯವಳು. ಅವಳು ಈ ತುದಿಯಲ್ಲಿ ಸೊಸೆಯನ್ನು ಬೈದರೆ ಆ ತುದಿಯ ಸೊಸೆಯಂದಿರು ಕೆಲಸ ಚುರುಕು ಮಾಡುತ್ತಿದ್ದರು. ವಾರಕ್ಕೊಮ್ಮೆ ಮನೆಮನೆಯಿಂದ ಹಿಡಿ ಜೋಳ ಎತ್ತುವುದು. ಬಾಣಂತಿಗೆ, ಕಾಯಿಲೆ ಬಿದ್ದವರಿಗೆ, ಮಗ್ಗ ನಿಂತ ಮನೆಗೆ ಕೊಡುವುದು. ಚೀಲ ಹೊರುವ ಕೆಲಸ ಸಿದ್ದಲಿಂಗವ್ವನದು. ಪರಪ್ಪ ಅರ್ಧಕ್ಕೆ ಬಿಟ್ಟ ಆ ಕೆಂಪು ಸೀರೆಯ ತುಂಡನ್ನು ಅವಳು ಚೀಲದ ಬಾಯಿಗೆ ಹೊದಿಸಿದ್ದಳು. ಕೊಡುವವರು ಬಟ್ಟೆಯ ಕೆಳಗೆ ಕೈಯಿಟ್ಟು ಸುರಿಯಬೇಕು, ಹೊತ್ತವಳು ಮುಖ ಆಚೆ ತಿರುಗಿಸಿ ನಿಲ್ಲಬೇಕು. ಕೊಟ್ಟದ್ದು ಎಷ್ಟೆಂದು ನೋಡಬಾರದು, ಏನೆಂದು ಆಡಬಾರದು. ಒಮ್ಮೆ ಯಾರದೋ ಜೋಳದಲ್ಲಿ ಹೊಟ್ಟು ಹೆಚ್ಚಿತ್ತೆಂದು ಬಾವಿಕಟ್ಟೆಯಲ್ಲಿ ಮಾತಾಗಿ, ಆ ಹೆಂಗಸು ನೀರಿಗೆ ಬರುವುದನ್ನೇ ಬಿಟ್ಟಿದ್ದಳು. ಅಂದಿನಿಂದ ಎಲ್ಲರೂ ಕಾಲಕಾಲೇಶ್ವರನ ಮೇಲೆ ಆಣೆಯಿಟ್ಟು ಬಾಯಿ ಕಟ್ಟಿಕೊಂಡಿದ್ದರು. ಆಣೆ ಇಡಿಸಿದ ಕಳಕವ್ವ ಕೂಡ. ಅವಳಿಗೆ ಅದೆಷ್ಟು ಕಷ್ಟವಾಗಿದ್ದೀತು, ಪಾಪ.

ನಮ್ಮ ಕಡೆಯ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಶ್ರಾವಣ ಅದು. ಗಜೇಂದ್ರಗಡದಲ್ಲಿ ಬರೀ ತುಂತುರು. ಆದರೆ ಮೇಲೆಲ್ಲೋ ಮಳೆ ಹುಯ್ದು ಮಲಪ್ರಭೆ ದಂಡೆ ಮೀರಿತು. ಹೊಳೆಮಣ್ಣೂರಿನ ಮನೆಗಳಿಗೆ ನೀರು ಹೊಕ್ಕು, ಜನ ಮಕ್ಕಳುಮರಿ ಕಟ್ಟಿಕೊಂಡು ದಿಬ್ಬದ ಮೇಲಿನ ಸಾಲೆಯಲ್ಲಿ ಕುಳಿತಿದ್ದಾರೆ, ಒಲೆ ಹೊತ್ತಿಸಲು ಒಣ ಕಟ್ಟಿಗೆಯೂ ಇಲ್ಲ ಎಂಬ ಸುದ್ದಿ ಬಂತು.

"ಖಡಕ್ ರೊಟ್ಟಿ ಬಡದು ಕಳಸೂಣು," ಎಂದಳು ಕಳಕವ್ವ. "ಈ ಸಲ ಹಿಡಿ ಸಾಲಂಗಿಲ್ಲ. ಉಡಿ ತುಂಬ ಕೊಡ್ರಿ!"

ಸಿದ್ದಲಿಂಗವ್ವ ಚೀಲ ಹೊತ್ತು ಓಣಿಯೆಲ್ಲ ತಿರುಗಿದಳು. ಕಟ್ಟಕಡೆಯ ಮನೆ ಗಾಳೆವ್ವನದು. ಅವಳ ಗಂಡ ಕರೆಪ್ಪ ಕಂಡವರ ಹೊಲದಲ್ಲಿ ಆಳು. ಆ ಮನೆಯಲ್ಲಿ ಒಲೆ ಹೊತ್ತುವುದೇ ಒಂದು ಹಬ್ಬ. ದಾಟಿ ಹೋದರೆ ನೊಂದುಕೊಂಡಾಳು ಎಂದು ಸಿದ್ದಲಿಂಗವ್ವ ನಿಂತಳು. ಗಾಳೆವ್ವ ಒಳಗಿನಿಂದ ಒಂದು ಗಂಟು ತಂದಳು. ಸಿದ್ದಲಿಂಗವ್ವ ವಾಡಿಕೆಯಂತೆ ಬೇವಿನ ಮರದ ಕಡೆ ಮುಖ ಮಾಡಿದಳು. ಚೀಲ ಭಾರವಾದದ್ದು ತಿಳಿಯಿತು. ಇಷ್ಟೊಂದೇ, ಎಂದು ಮನಸ್ಸಿಗೆ ಬಂತು. ಆದರೆ ತಿರುಗಿ ನೋಡಲಿಲ್ಲ.

ಹಗಲಿರುವಾಗಲೇ ಚೀಲವನ್ನು, ಬೀಸಿ ರೊಟ್ಟಿ ಮಾಡಲೆಂದು, ಮೊದಲು ಕೂಟದ ಶಂಕ್ರವ್ವನ ಕಟ್ಟೆಗೆ ಇಳಿಸಿದರು. ಮೇಲಿನ ಪಾಲು ಅವಳು ತೆಗೆದುಕೊಂಡಳು. ಅಲ್ಲಿಂದ ಚೀಲ ವೀರವ್ವನ ಮನೆಗೆ, ಅಲ್ಲಿಂದ ಮುಂದಿನ ಮನೆಗೆ. ಬೀಸುಕಲ್ಲುಗಳು ಗುಡುಗಿದವು, ಓಣಿ ತುಂಬ ರೊಟ್ಟಿ ಬಡಿಯುವ ಸಪ್ಪಳ. ಪ್ರತಿ ಮನೆಯವರೂ ತಮ್ಮ ರೊಟ್ಟಿಯನ್ನು ತಮ್ಮದೇ ಬಟ್ಟೆಯಲ್ಲಿ ಕಟ್ಟಿದರು. ಮರುದಿನ ಸೂರ್ಯ ಮೂಡುವಾಗ ಹತ್ತಿ ವ್ಯಾಪಾರಿ ಚಂದ್ರಶೇಖರಪ್ಪನ ಲಾರಿಯಲ್ಲಿ ಗಂಟುಗಳ ಜೊತೆ ಕಳಕವ್ವ, ಶಂಕ್ರವ್ವ ಏರಿದರು.

"ನೀನೂ ಬಾ ಬೇ," ಎಂದಳು ಕಳಕವ್ವ.

"ಹೊಳಿ ದಂಡಿಗೆ? ನಾನಾ? ಹೋಗವಾ ನಿನ್ನ!"

ಲಾರಿ ಹೋಯಿತು. ಸಿದ್ದಲಿಂಗವ್ವ ಮಗ್ಗದ ಪಕ್ಕ ಕುಳಿತು ನೂಲು ಸುತ್ತುತ್ತಿದ್ದಳು. ಅಂಗಳದಲ್ಲಿ ಬಿಸಿಲು ಸ್ವಲ್ಪ ಏರಿರಬೇಕು, ಗಾಳೆವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಕೋಳಿ. ಕುತ್ತಿಗೆ ಜೋತು ಬಿದ್ದಿತ್ತು.

"ಅಕ್ಕಾ... ರೊಟ್ಟಿ ಹೋದುವೇನ?"

"ಆಗ ಹೋದುವಲ್ಲ. ಯಾಕ ಬೇ, ಕೋಳಿಗೇನಾತು?"

ಗಾಳೆವ್ವ ಹೊಸ್ತಿಲಲ್ಲೇ ಕುಸಿದಳು. "ಎಲ್ಲಾ ಕೋಳಿ ಸತ್ತುವು. ನಾ ಆ ಜೋಳ ತೊಳದ ಜಾಗದಾಗ ಮೇದಿದ್ವು. ಗಂಟಿನ್ಯಾಗ ಇಟ್ಟಿದ್ದು ನೀಲಿ ನೀಲಿ ಕಂಡಿತ್ತು, ಮಳಿಗೆ ಬೂಸ್ಟ ಬಂದೈತಿ ಅಂತ ತೊಳದು ಒಣಗಿಸಿ ಹಾಕಿದೆನಕ್ಕಾ. ಈಗ ಇವರು ಹೊಲದಿಂದ ಬಂದು, ಬೀಜದ ಗಂಟೆಲ್ಲಿ ಅಂದ್ರು. ಗೌಡ್ರು ಬಿತ್ತಿ ಉಳದ ಬೀಜ ಕೊಟ್ಟಿದ್ರಂತ. ಬೆಳಿಗೆ ಕಾಡಿಗಿ ರೋಗ ಬರಬಾರದಂತ ಅದಕ್ಕ ಮೈಲುತುತ್ತ ಹಚ್ಚಿತ್ತಂತ. ತಿನ್ನೂದಲ್ಲಂತ!"

ಸಿದ್ದಲಿಂಗವ್ವನ ಕೈಯಲ್ಲಿದ್ದ ನೂಲು ಹರಿಯಿತು. ಬಿತ್ತನೆ ಬೀಜಕ್ಕೆ ಹಚ್ಚುವ ಆ ನೀಲಿ ವಿಷ ಅವಳಿಗೆ ಗೊತ್ತಿಲ್ಲದ್ದಲ್ಲ. ಹಿಂದೊಮ್ಮೆ ಒಂದು ಆಕಳ ಕರು ಆ ಬೀಜ ತಿಂದು ಒದ್ದಾಡಿದ್ದನ್ನು ಕಂಡಿದ್ದಳು. ಈಗ ಕಣ್ಣಮುಂದೆ ಕರು ಇರಲಿಲ್ಲ. ಸಾಲೆಯ ಜಗಲಿಯಲ್ಲಿ ಸಾಲಾಗಿ ಕುಳಿತ ಮಕ್ಕಳಿದ್ದವು, ಎರಡು ದಿನದಿಂದ ಹಸಿದವು.

"ಮನ್ಯಾಗ ಬ್ಯಾರೆ ಏನೂ ಇರಲಿಲ್ಲಕ್ಕಾ. ನೀ ಬಾಗಲಿಗೆ ಬರಾಕಿ ಅಂತ ಮೊದಲ ತೊಳದಿಟ್ಟಿದ್ದೆ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ," ಎನ್ನುತ್ತಿದ್ದಳು ಗಾಳೆವ್ವ.

"ಮನಿಗೆ ಹೋಗು. ಬಾಗಲಾ ಹಾಕ್ಕೊ. ಯಾರ ಮುಂದೂ ಉಸರಬ್ಯಾಡ," ಎಂದಷ್ಟೇ ಹೇಳಿ ಸಿದ್ದಲಿಂಗವ್ವ ಎದ್ದಳು. ನೆಟ್ಟಗೆ ಬಸ್ಸಿನ ಕಡೆಗೇ ಹೊರಟಳು.

ದಾರಿಯಲ್ಲಿ ಕಾಶೀಂಬಿ ಸಿಕ್ಕಳು. ಬಳೆ ಮಾರುವವಳು, ಕೂಟದಲ್ಲಿ ಅವಳದೂ ಹಿಡಿ ಇತ್ತು. ಒಬ್ಬಳೇ ಬಸ್ಸಿನ ಕಡೆ ಓಡುತ್ತಿರುವ ಸಿದ್ದಲಿಂಗವ್ವನನ್ನು ನೋಡಿ ಅವಳು ಬಳೆಯ ಮಲಾರವನ್ನು ಅಂಗಡಿಯವನ ಹತ್ತಿರ ಬಿಟ್ಟು ಬೆನ್ನು ಹತ್ತಿದಳು.

"ಯಾ ಅಲ್ಲಾ! ಸಿದ್ದವ್ವಕ್ಕ, ಮೋಟಾರಿನ ಗಾಲಿ ಕಂಡ್ರ ಹಾರಾಕಿ, ಇವತ್ತ ಅದರ ಹೊಟ್ಟಿಯೊಳಗ ಹೊಂಟಿ?"

ಸಿದ್ದಲಿಂಗವ್ವ ಹೇಳಿದಳು. ಯಾರು ಕೊಟ್ಟರೆಂಬುದೊಂದನ್ನು ಬಿಟ್ಟು. ಕಾಶೀಂಬಿಯ ನಗೆ ಅಲ್ಲೇ ಸತ್ತಿತು. ಅವಳೂ ಬಸ್ಸು ಹತ್ತಿದಳು.

ರೋಣದವರೆಗೂ ಸಿದ್ದಲಿಂಗವ್ವ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಸ್ಸು ಕುಲುಕಿದಾಗೆಲ್ಲ ಒಂದೇ ಯೋಚನೆ: ಈಗ ಇಳಿಸಿರಬಹುದು. ಈಗ ಗಂಟು ಬಿಚ್ಚಿರಬಹುದು. ಮೊದಲು ಯಾರಿಗೆ ಕೊಡುತ್ತಾರೆ? ಮಕ್ಕಳಿಗೆ. ಯಾವ ಊರಲ್ಲಾದರೂ ಮೊದಲು ಮಕ್ಕಳಿಗೇ ಅಲ್ಲವೇ? ತಾನು ಒಮ್ಮೆ, ಒಂದೇ ಒಂದು ಸಲ, ಆ ಬಟ್ಟೆ ಸರಿಸಿ ನೋಡಿದ್ದರೆ! ಬೇವಿನ ಮರದಲ್ಲಿ ನೋಡುವಂಥದ್ದೇನಿತ್ತು?

ರೋಣದಿಂದ ಮುಂದೆ ಬಸ್ಸಿಲ್ಲ. ಎರೆಮಣ್ಣು ಹದ ತಪ್ಪಿತ್ತು. ಪೇಟೆಯಲ್ಲಿ ಹೇಮಪ್ಪನೆಂಬ ಚಕ್ಕಡಿಯವನು ಸಿಕ್ಕ. ಓಡುವ ಎತ್ತುಗಳೆಂದು ಅವನಿಗೆ ಬಲು ಜಂಬ.

"ಲಾರಿನಾ? ಹೊತ್ತಾತು ಹೋಗಿ. ದಾರ್ಯಾಗ ಹುಗದಿತ್ತಂತ, ಎತ್ತು ಹಚ್ಚಿ ಎಳದ್ರಂತ. ಯಾಕ ಬೇ ಅವ್ವಾ, ರೊಟ್ಟಿಗೆ ಉಪ್ಪು ಹಾಕೂದು ಮರತ್ರೇನ?"

"ತಮ್ಮಾ," ಎಂದಳು ಸಿದ್ದಲಿಂಗವ್ವ, "ಎತ್ತು ಸತ್ರೂ ಚಿಂತಿಲ್ಲ, ಓಡಸು."

ಅವಳ ಮುಖ ನೋಡಿದ ಹೇಮಪ್ಪ ಮತ್ತೆ ನಗೆಚಾಟಿಕೆ ಮಾಡಲಿಲ್ಲ. ದಾರಿಯುದ್ದಕ್ಕೂ ಲಾರಿಯ ಗಾಲಿಯ ಗುರುತು ಕೆಸರಲ್ಲಿ ಮುಂದೆ ಮುಂದೆ ಹೋಗುತ್ತಿತ್ತು. ಕಾಶೀಂಬಿ ತನ್ನ ದೇವರನ್ನೂ, ಇವಳ ದೇವರನ್ನೂ ಒಟ್ಟಿಗೇ ಕರೆಯುತ್ತಿದ್ದಳು. ಯಾರು ಕೊಟ್ಟವರು ಎಂದು ಅವಳು ಒಮ್ಮೆ ಕೇಳಿದಳು. ಸಿದ್ದಲಿಂಗವ್ವ ತಲೆ ಅಲ್ಲಾಡಿಸಿದಳು. ಕಾಶೀಂಬಿ ಮತ್ತೆ ಕೇಳಲಿಲ್ಲ.

ಹೊಳೆಮಣ್ಣೂರು ಇನ್ನು ಕಣ್ಣಳತೆಯಲ್ಲಿದೆ ಎನ್ನುವಾಗ ಎತ್ತುಗಳು ನಿಂತವು. ಮುಂದೆ ಹಳ್ಳ. ಹೊಳೆಯ ನೀರು ಹಿಂದೊತ್ತಿ ಬಂದು ಹಳ್ಳ ಅಗಲವಾಗಿತ್ತು. ಲಾರಿ ಈಚೆಯ ದಂಡೆಯಲ್ಲೇ ನಿಂತಿತ್ತು, ಖಾಲಿ. ಒಂದು ಹಗ್ಗವನ್ನು ಈ ದಂಡೆಯ ಜಾಲಿಗೂ ಆ ದಂಡೆಯ ಕಲ್ಲಿಗೂ ಕಟ್ಟಿದ್ದರು. ಅದನ್ನು ಹಿಡಿದು ಗಂಟುಗಳನ್ನು ತಲೆಯ ಮೇಲೆ ಹೊತ್ತು ದಾಟಿಸಿದರಂತೆ, ಈಗಷ್ಟೇ. ಆಚೆ ದಿಬ್ಬದ ಮೇಲೆ ಸಾಲೆಯ ಹೆಂಚು ಕಾಣುತ್ತಿತ್ತು. ಹೊಗೆ ಏಳುತ್ತಿತ್ತು. ಕಟ್ಟಿಗೆ ಸಿಕ್ಕಿದೆ, ಪಲ್ಯ ಕುದಿಯುತ್ತಿದೆ ಎಂದು ಅರ್ಥ.

"ಏ ಕಳಕವ್ವಾ!" ಎಂದು ಸಿದ್ದಲಿಂಗವ್ವ ಕೂಗಿದಳು. ನೀರಿನ ಸದ್ದಿನಲ್ಲಿ ಆ ಕೂಗು ಅವಳಿಗೇ ಕೇಳಿಸಲಿಲ್ಲ.

ಕೆಂಪು ನೀರು. ಒಂದು ಮುರಿದ ಬುಟ್ಟಿ ತಿರುಗುತ್ತಾ ತಿರುಗುತ್ತಾ ಹೋಯಿತು. ಸಿದ್ದಲಿಂಗವ್ವನ ಹಲ್ಲು ಕಟಕಟ ಎನ್ನತೊಡಗಿದವು.

"ನೀ ಕುಂದ್ರಕ್ಕಾ, ನಾ ಹೋಗ್ತೇನಿ," ಎಂದಳು ಕಾಶೀಂಬಿ.

"ಚೀಲ ಹೊತ್ತಾಕಿ ನಾನು," ಎಂದ ಸಿದ್ದಲಿಂಗವ್ವ ಕಚ್ಚೆ ಬಿಗಿದು ಹಗ್ಗ ಹಿಡಿದಳು. ಹೇಮಪ್ಪ ಹಿಂದೆ, ಕಾಶೀಂಬಿ ಅವನ ಹಿಂದೆ. ನೀರು ಮೊಳಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ಕಾಲ ಕೆಳಗಿನ ಮಣ್ಣು ಜಾರಿ ಜಾರಿ ಹೋಗುತ್ತಿತ್ತು. ಯಾರೋ ಚಾಪೆ ಎಳೆದಂತೆ. ನಡುವೆ ಒಮ್ಮೆ ಎರಡೂ ಕಾಲು ತಪ್ಪಿ ಬರೀ ಹಗ್ಗಕ್ಕೆ ಜೋತುಬಿದ್ದಳು. ನೀರು ಬಾಯಿಗೆ ಹೊಕ್ಕಿತು. ಹೇಮಪ್ಪ ರಟ್ಟೆ ಹಿಡಿದೆತ್ತಿ, "ಹಗ್ಗ ಬಿಡಬ್ಯಾಡ ಅವ್ವಾ! ಕಣ್ಣು ತೆರಿ!" ಎಂದು ಅರಚಿದ. ಅಲ್ಲಿಯವರೆಗೂ ಕಣ್ಣು ಮುಚ್ಚಿಯೇ ಬಂದಿದ್ದಳು ಎಂದು ಅವಳಿಗೆ ಆಗ ತಿಳಿಯಿತು.

ದಂಡೆ ಹತ್ತಿದವಳು ನಿಲ್ಲಲಿಲ್ಲ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಸಾಲೆಯ ಜಗಲಿಯಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದವು, ಮಗ್ಗದ ಪಕ್ಕ ಅವಳ ಕಣ್ಣಿಗೆ ಕಟ್ಟಿದ್ದ ಹಾಗೆಯೇ. ಗಂಟುಗಳು ಬಿಚ್ಚಿದ್ದವು. ತುದಿಯಲ್ಲಿ ಕುಳಿತ ಒಂದು ಸಣ್ಣ ಹುಡುಗಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒಯ್ಯುತ್ತಿತ್ತು.

ಸಿದ್ದಲಿಂಗವ್ವ ಆ ರೊಟ್ಟಿಯನ್ನು ಹೊಡೆದು ಕೆಡವಿದಳು.

"ತಿನಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!"

ಆ ಹುಡುಗಿ ಕಿರುಚಿ ಅತ್ತಿತು. ಅದರ ತಾಯಿ ಎದ್ದು ಬಂದು ಸಿದ್ದಲಿಂಗವ್ವನ ರಟ್ಟೆ ಹಿಡಿದಳು. "ಕೂಸಿನ ಕೈಯಾನ ರೊಟ್ಟಿ ಕಸ್ಗೊಳಾಕ ಬಂದೀಯೇನ ಅಲ್ಲಿಂದ? ಕೊಡಾಕ ಮನಸಿಲ್ಲಂದ್ರ ತರಬಾರದಾಗಿತ್ತು!"

"ಸಿದ್ದಿ! ನಿನಗ ಹುಚ್ಚ ಹಿಡದೈತೇನ!" ಕಳಕವ್ವ ಸೌಟು ಹಿಡಿದೇ ಓಡಿ ಬಂದಳು.

"ಜೋಳದಾಗ ಮೈಲುತುತ್ತ ಹಚ್ಚಿದ ಬೀಜ ಸೇರೈತಿ," ಎಂದಳು ಸಿದ್ದಲಿಂಗವ್ವ. ಅಳುವಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದಳು.

ಈ ಸಲ ಎಲ್ಲರಿಗೂ ಕೇಳಿತು. ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದ ಒಬ್ಬ ಮುದುಕ ಬಾಯಲ್ಲಿದ್ದದ್ದನ್ನು ಉಗುಳಿದ. ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕಿದರು. ಯಾರೋ ಗಂಡಸು ಗುಂಪಿನಿಂದ ಮುಂದೆ ಬಂದ. "ಮನಿ ಹೋತು, ದನಾ ಹೋತು, ಈಗ ಜೀವಾ ತಗ್ಯಾಕ ಬಂದ್ರೇನು? ಯಾರು ಹಾಕಿದಾಕಿ? ಹೆಸರ ಹೇಳು!"

"ನನ್ನ ಚೀಲದಾಗಿಂದು. ನಾನ ತಂದಾಕಿ."

"ಯಾರು ಕೊಟ್ಟಾಕಿ ಅಂತ ಕೇಳಾಕತ್ತೀನಿ!"

"ನನಗ ಕೇಳ್ರಿ. ನನಗ ಹೊಡೀರಿ. ಚೀಲ ನಂದು."

ಆಗ ಶಂಕ್ರವ್ವ ಜನರ ನಡುವಿನಿಂದ ಬಂದಳು. ಮಾತೇ ಆಡದ ಹೆಂಗಸು. ಓಣಿಯಲ್ಲಿ ಅವಳ ದನಿ ಹೇಗಿದೆಯೆಂದು ಕೆಲವರಿಗೆ ಗೊತ್ತೇ ಇರಲಿಲ್ಲ.

"ಆ ಬೀಜ ಇದರಾಗ ಇಲ್ಲಕ್ಕಾ," ಎಂದಳು. "ಮೊರದಾಗ ಹಾಕಿ ಕೇರಾಕ ಕುಂತಾಗ ಕಂಡೆ. ಬಿಸಲಿಗೆ ಹಿಡದ್ರ ತುತ್ತದ ಬಣ್ಣ. ನನ್ನ ಪಾಲಿಂದು ಅಷ್ಟೂ ತಿಪ್ಪಿಯಾಗ ತಗ್ಗು ತಗದು ಹುಗದೆ. ನಮ್ಮ ಮನಿ ಜೋಳ ಬೀಸಿ ರೊಟ್ಟಿ ಮಾಡೇನಿ."

"ಹಂಗಾರ ಹೇಳಬೇಕೋ ಬ್ಯಾಡೋ?" ಎಂದು ಗರ್ಜಿಸಿದಳು ಕಳಕವ್ವ.

"ಹ್ಯಾಂಗ ಹೇಳ್ಲೆವ್ವಾ? ಯಾರ ಕೈಯಾಗಿಂದು ಏನು ಬಂತು ಅನ್ನೂದು ಆಡಬಾರದಂತ ಆಣಿ ಇಟ್ಟೇವಲ್ಲ. ಇಡಸಿದಾಕಿ ನೀನ."

ಕಳಕವ್ವನ ಸೌಟು ಕೆಳಗಿಳಿಯಿತು. ಕಾಶೀಂಬಿ ನೆಲಕ್ಕೆ ಕುಳಿತು, ಅಳುವೋ ನಗುವೋ ತಿಳಿಯದಂತೆ ಮುಖ ಮುಚ್ಚಿಕೊಂಡಳು. ಆದರೆ ಸಿದ್ದಲಿಂಗವ್ವನ ಎದೆ ಇಳಿಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಶಂಕ್ರವ್ವಾ, ಆ ಬೀಜ ಚೀಲದಾಗ ಮ್ಯಾಲ ಇತ್ತು. ನೀ ಬೊಗಸಿಲೆ ತಗದಿ. ನಾಕು ಕಾಳು ಕೆಳಗ ಜಾರಿದ್ರ?"

ಶಂಕ್ರವ್ವನ ಮುಖದ ಬಣ್ಣ ಹೋಯಿತು. "ನನ್ನ ಹಿಂದ ಚೀಲ ಹೋಗಿದ್ದು ವೀರವ್ವನ ಮನಿಗೆ," ಎಂದಳು.

ವೀರವ್ವನ ಗಂಟು ಹಸಿರು ಅಂಚಿನ ಧೋತರದ್ದು. ಅದಿನ್ನೂ ಬಿಚ್ಚಿರಲಿಲ್ಲ. ಸಿದ್ದಲಿಂಗವ್ವ ಅದನ್ನು ಎತ್ತಿಕೊಂಡು ಹಳ್ಳದ ದಂಡೆಗೆ ಹೋದಳು. ಹಸಿದ ಜನ ನೋಡುತ್ತಿದ್ದಂತೆಯೇ, ಮಕ್ಕಳು ನೋಡುತ್ತಿದ್ದಂತೆಯೇ, ಗಂಟನ್ನು ಗಂಟಾಗಿಯೇ ಕೆಂಪು ನೀರಿಗೆ ಎಸೆದಳು. ಅಷ್ಟು ಬೆಳ್ಳನೆಯ ರೊಟ್ಟಿ ಮಾಡುವವಳು ಓಣಿಯಲ್ಲಿ ವೀರವ್ವ ಒಬ್ಬಳೇ.

ತಿರುಗಿ ಬಂದು ಉಳಿದ ಪ್ರತಿ ಗಂಟಿನಿಂದಲೂ ಒಂದೊಂದು ರೊಟ್ಟಿ ಮುರಿದು ಮಡಿಲಿಗೆ ಹಾಕಿಕೊಂಡು, ಎಲ್ಲರ ಮುಂದೆ ಕುಳಿತು ತಿನ್ನತೊಡಗಿದಳು. ಕಳಕವ್ವ ಪಕ್ಕದಲ್ಲಿ ಕುಳಿತು ಮಡಿಲಿಗೆ ಕೈ ಹಾಕಿದಳು. ಶಂಕ್ರವ್ವ, ಕಾಶೀಂಬಿ ಕೂಡ.

"ಪಲ್ಯಾ ಆರೂತನಕಾ ತಡೀರಿ," ಎಂದು ಸಿದ್ದಲಿಂಗವ್ವ ಜನರಿಗೆ ಹೇಳಿದಳು. "ನಮಗೇನೂ ಆಗಲಿಲ್ಲಂದ್ರ ಮಕ್ಕಳಿಗೆ ಹಾಕ್ರಿ."

ಪುಂಡಿಪಲ್ಯದ ಹಬೆ ಏಳುತ್ತಲೇ ಇತ್ತು. ಅಷ್ಟು ನಿಧಾನವಾಗಿ ಆರುವ ಪಲ್ಯವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೊಟ್ಟೆಯೊಳಗೆ ಏನೋ ತಿರುವಿತು. ವಿಷವೋ, ಕುಡಿದ ಹಳ್ಳದ ನೀರೋ, ಬರೀ ಅಂಜಿಕೆಯೋ? ಕಳಕವ್ವನ ಹಣೆಯಲ್ಲಿ ಬೆವರಿತ್ತು. ಅದು ಒಲೆಯ ಬಿಸಿಯದೇ? ಶಂಕ್ರವ್ವ ಒಮ್ಮೆ ಕೆಮ್ಮಿದಳು. ನಾಲ್ವರೂ ಅವಳ ಕಡೆ ತಿರುಗಿದರು, ಅವಳೂ ಸೇರಿ, ತನ್ನ ಕೆಮ್ಮನ್ನೇ ನೋಡುವವಳ ಹಾಗೆ.

"ಗಂಟಲಿಗೆ ಹತ್ತಿತು," ಎಂದಳು ಶಂಕ್ರವ್ವ.

"ಕೆಮ್ಮಿ ಕೊಲ್ಲಬ್ಯಾಡ ಬೇ!" ಎಂದಳು ಕಾಶೀಂಬಿ.

ಆಗ ಆ ಸಣ್ಣ ಹುಡುಗಿ, ರೊಟ್ಟಿ ಕಳೆದುಕೊಂಡದ್ದು, ತಾಯಿಯ ಕೈ ಬಿಡಿಸಿಕೊಂಡು ಬಂದು ಸಿದ್ದಲಿಂಗವ್ವನ ಮಡಿಲಿನಿಂದ ಒಂದು ಚೂರು ತೆಗೆದುಕೊಂಡಿತು. ಸಿದ್ದಲಿಂಗವ್ವ ಅದರ ಕೈ ಹಿಡಿದಳು. ಆ ಸಣ್ಣ ಕೈಯನ್ನು ಹಿಡಿದೇ ಕುಳಿತಿದ್ದಳು, ಹಬೆ ಪೂರ್ತಿ ನಿಲ್ಲುವವರೆಗೆ. ಆಮೇಲೆ ಬಿಟ್ಟಳು. ಹುಡುಗಿ ಅವಳ ಮುಖವನ್ನೇ ದುರುಗುಟ್ಟಿ ನೋಡುತ್ತಾ ತಿಂದಿತು. ಜಗಲಿಯ ತುಂಬ ರೊಟ್ಟಿ ಮುರಿಯುವ ಸದ್ದು ಎದ್ದಿತು. ಯಾರಿಗೂ ಏನೂ ಆಗಲಿಲ್ಲ.

ಗಜೇಂದ್ರಗಡಕ್ಕೆ ಬಂದವಳು ಮೊದಲು ಗಾಳೆವ್ವನ ಬಾಗಿಲು ತಟ್ಟಿದಳು. ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಸಂದಿಯಲ್ಲಿ ಅರ್ಧ ಮುಖ.

"ಎಷ್ಟು ಮಂದಿ ಅಕ್ಕಾ?" ಎಂದಳು ಗಾಳೆವ್ವ.

"ಯಾರೂ ಇಲ್ಲ ಬೇ. ಎಲ್ಲಾರೂ ಉಂಡ್ರು. ಮೊರ ಐತೇನ ನಿನ್ನ ಹಂತ್ಯಾಕ?"

"ಐತಿ. ಹರದೈತಿ."

"ಸಗಣಿ ಸಾರಿಸಿ ಇಟ್ಟಿರು. ಬರೂ ವಾರದಿಂದ ನೀ ಕಾಳು ಕೊಡೂದು ಬ್ಯಾಡ. ಚೀಲ ತುಂಬಿದ ಮ್ಯಾಲ ನನ್ನ ಕಟ್ಟಿ ಮ್ಯಾಲ ಸುರೀತೇನಿ. ಬಿಸಲಾಗ ಕುಂತು ಕೇರು. ಒಂದು ಕಾಳು ಬಿಡಬ್ಯಾಡ."

ಅಂದಿನಿಂದ ಹಾಗೆಯೇ ನಡೆಯಿತು. ಚೀಲದ ಮೇಲಿನ ಕೆಂಪು ಬಟ್ಟೆಯನ್ನು ಸಿದ್ದಲಿಂಗವ್ವ ತೆಗೆಯಲಿಲ್ಲ. ಮನೆಬಾಗಿಲಲ್ಲಿ ಮುಖ ತಿರುಗಿಸುವುದನ್ನೂ ಬಿಡಲಿಲ್ಲ. ಎಲ್ಲರ ಕಾಳೂ ಒಂದಾದ ಮೇಲೆ ಗಾಳೆವ್ವ ಕೇರುತ್ತಿದ್ದಳು, ಅವಳು ಕೈ ಎತ್ತಿ ಚಲೋ ಐತಿ ಎನ್ನುವವರೆಗೆ ಒಂದು ಬೀಸುಕಲ್ಲೂ ತಿರುಗುತ್ತಿರಲಿಲ್ಲ. ಆ ಬೀಜ ಯಾರದೆಂದು ಕಳಕವ್ವ ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ಕೇಳುತ್ತಲೇ ಇದ್ದಳು. ಕೇಳುವಾಗ ಎಷ್ಟೋ ಸಲ ಗಾಳೆವ್ವನೇ ಪಕ್ಕದಲ್ಲಿ ಮೊರ ಹಿಡಿದು ಕುಳಿತಿರುತ್ತಿದ್ದಳು. "ಬೇವಿನ ಗಿಡಾ ನೋಡಾಕತ್ತಿದ್ದೆ," ಎನ್ನುತ್ತಿದ್ದಳು ಸಿದ್ದಲಿಂಗವ್ವ.

ಮೊಮ್ಮಕ್ಕಳಾದ ಮೇಲೂ ಅಂಜಿಕೆ ಮಾತ್ರ ಹೋಗಲಿಲ್ಲ. ಹಲ್ಲಿಗೆ ಹಾರುವುದು, ಬಸ್ಸು ಬಂದರೆ ಗೋಡೆಗೆ ಅಂಟುವುದು ಎಲ್ಲವೂ ಮೊದಲಿನಂತೆಯೇ. ಒಂದು ಹೊಸದು ಸೇರಿತು. ಊಟಕ್ಕೆ ಕುಳಿತರೆ ರೊಟ್ಟಿಯನ್ನು ಮುರಿದು ಬೆಳಕಿಗೆ ಹಿಡಿಯುತ್ತಿದ್ದಳು. ಮೊದಲ ತುತ್ತು ನುಂಗಿ, ತಾಟಿನ ಸುತ್ತ ಕುಳಿತ ಮೊಮ್ಮಕ್ಕಳಿಗೆ ಕೈ ಅಡ್ಡ ಹಿಡಿದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದಳು. ಅಜ್ಜಿ ದೇವರನ್ನು ನೆನೆಯುತ್ತಾಳೆ ಎಂದು ಮಕ್ಕಳೂ ಕಣ್ಣು ಮುಚ್ಚುತ್ತಿದ್ದವು. ಪಲ್ಯ ಆರಿದ ಮೇಲೆ ಅವಳು ಕೈ ತೆಗೆದು, "ಹೂಂ, ಉಣ್ರಿ," ಎನ್ನುತ್ತಿದ್ದಳು.